ಪೋರ್ಟ್ ಇದ್ದಲ್ಲೆಲ್ಲ ಹೊರುವುದೇನಾ? ಮಗಳ ಹೋಂವರ್ಕ್‌ನಿಂದ ಎದ್ದ ಪ್ರಶ್ನೆ

ಕತ್ರಿಗುಪ್ಪೆ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು. ಮೊನ್ನೆ ಇಂಗ್ಲಿಷ್ ಹೋಂವರ್ಕ್ ತಂದಳು. ಪಿ, ಓ, ಆರ್, ಟಿ ಈ ನಾಲ್ಕು ಅಕ್ಷರ ಒಟ್ಟಿಗೆ ಬರುವ ಹತ್ತು ಪದ ಹುಡುಕಿ ಅರ್ಥ ಬರೆಯಬೇಕು. ‘ಪೋರ್ಟ್ ಅಂದರೆ ಹೊರುವುದು’ ಅಂತ ಕ್ಲಾಸಿನಲ್ಲಿ ಮೊದಲೇ ಬರೆಸಿದ್ದಾರೆ. ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ಎಕ್ಸ್‌ಪೋರ್ಟ್, ಪೋರ್ಟಬಲ್ ಎಲ್ಲ ಚೆನ್ನಾಗಿ ಬರೆದಳು. ಆಮೇಲೆ ಪೋರ್ಟ್ರೇಟ್ ಅಂದರೆ ‘ಹೊತ್ತುಕೊಂಡು ಹೋಗುವ ಚಿತ್ರ’ ಅಂತ ಬರೆದಿದ್ದಾಳೆ. ಆಪರ್ಚುನಿಟಿಗೆ ‘ಏನಾದರೂ ಹೊರುವುದಕ್ಕೆ ಸಿಗುವ ಅವಕಾಶ’. ಏರ್‌ಪೋರ್ಟ್‌ಗೆ ‘ಗಾಳಿಯನ್ನು ಹೊರುವ ಜಾಗ’. ನೋಟ್‌ಬುಕ್ ವಾಪಸ್ ಬಂದಾಗ ನೋಡಿದರೆ ಹತ್ತಕ್ಕೂ ಟಿಕ್ ಬಿದ್ದಿದೆ.

ಅವಳು ಖುಷಿಯಾಗಿದ್ದಾಳೆ. ನನಗೆ ಸಮಾಧಾನವಿಲ್ಲ. ನಾನು ಓದಿದ್ದು ಕನ್ನಡ ಮೀಡಿಯಂ, ತಿದ್ದುವಷ್ಟು ಧೈರ್ಯ ಸಾಲುತ್ತಿಲ್ಲ. ಒಂದೇ ಅಕ್ಷರಗಳು ಇದ್ದರೆ ಒಂದೇ ಅರ್ಥ ಅಂತ ಕಲಿಸುವುದು ಸರಿಯಾ? ಗೊತ್ತಿರುವವರು ಹೇಳಿ.

ರಾಜಾಜಿನಗರ ಟ್ಯೂಷನ್ ಮನೆ:
ಮೇಡಂ, ಪದ್ಧತಿ ಸರಿಯಿದೆ, ಗಾಬರಿ ಆಗಬೇಡಿ. 15 ವರ್ಷದಿಂದ ಟ್ಯೂಷನ್ ಹೇಳುತ್ತಿದ್ದೇನೆ, ಇದರಷ್ಟು ಬೇಗ ಪದ ಹತ್ತಿಸುವ ದಾರಿ ಬೇರೆ ಕಂಡಿಲ್ಲ. ಆರ್, ಯು, ಪಿ, ಟಿ ತೆಗೆದುಕೊಳ್ಳಿ. ‘ರಪ್ಟ್’ ಅಂದರೆ ಮುರಿದದ್ದು, ಒಡೆದದ್ದು. ಇಂಟರಪ್ಟ್ ಅಂದರೆ ಮಧ್ಯೆ ಬಾಯಿ ಹಾಕಿ ಮಾತು ಮುರಿಯುವುದು. ಇರಪ್ಟ್ ಅಂದರೆ ಒಡೆದುಕೊಂಡು ಹೊರಗೆ ಬರುವುದು, ಜ್ವಾಲಾಮುಖಿ ಹಾಗೆ. ಅಬ್ರಪ್ಟ್ ಅಂದರೆ ಕಡಿದು ಹಾಕಿದ ಹಾಗೆ ತಟ್ಟನೆ. ಬ್ಯಾಂಕ್‌ರಪ್ಟ್ ಅಂದರೆ ದಿವಾಳಿ. ಕರಪ್ಟ್ ಅಂದರೆ ನಡತೆ ಪೂರ್ತಿ ಒಡೆದುಹೋಗಿರುವುದು. ಒಂದು ಬೇರು ಗೊತ್ತಾದರೆ ಐದು ಪದ ಬಂದವು. ಐದನ್ನೂ ಬೇರೆ ಬೇರೆಯಾಗಿ ಉರು ಹೊಡೆಸಿದರೆ ಮಗುವಿಗೆ ಒಂದು ವಾರ ಬೇಕು, ಅದೂ ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ.

ಎಚ್‌ಎಸ್‌ಆರ್ ಕೋಡರ್:
ನಾನು ಒಪ್ಪುವುದಿಲ್ಲ ಸರ್. ನೀವು ಸರಿಹೊಂದುವ ಐದು ಪದ ಆರಿಸಿಕೊಂಡು ತೋರಿಸಿದಿರಿ. ಸರಿಹೊಂದದವು ಎಷ್ಟಿವೆ ನೋಡಿ. ಇ, ಎ, ಆರ್ ಮೂರು ಅಕ್ಷರ ಒಟ್ಟಿಗೆ ಬರುವ ಪದ ಹುಡುಕಿ. ಇಯರ್ ಅಂದರೆ ಕಿವಿ, ಬೇರ್ ಅಂದರೆ ಕರಡಿ, ಹಾರ್ಟ್ ಅಂದರೆ ಹೃದಯ, ಅರ್ತ್ ಅಂದರೆ ಭೂಮಿ, ಪರ್ಲ್ ಅಂದರೆ ಮುತ್ತು. ಉಚ್ಚಾರವೂ ಒಂದಲ್ಲ, ಅರ್ಥವೂ ಒಂದಲ್ಲ. ಓ, ಯು, ಜಿ, ಎಚ್ ಅಂತೂ ಇನ್ನೂ ಕಷ್ಟ. ದೋ ಅಂದರೆ ಆದರೂ, ಥ್ರೂ ಅಂದರೆ ಮೂಲಕ, ಟಫ್ ಅಂದರೆ ಗಟ್ಟಿ, ಕಾಫ್ ಅಂದರೆ ಕೆಮ್ಮು, ಪ್ಲೌ ಅಂದರೆ ನೇಗಿಲು, ಥಾಟ್ ಅಂದರೆ ಯೋಚನೆ. ಆರು ಪದ, ಆರು ಉಚ್ಚಾರ, ಒಂದೇ ನಾಲ್ಕು ಅಕ್ಷರ. ಇದರಲ್ಲಿ ಮಗು ಯಾವ ನಿಯಮ ಹಿಡಿಯಬೇಕು?

ನನ್ನ ಕೆಲಸದಲ್ಲಿ ದಿನಾ ಅಕ್ಷರದ ಸಾಲು ಕೊಟ್ಟು ಹುಡುಕುವುದೇ. ಕಂಪ್ಯೂಟರಿಗೆ ಅದು ಬರೀ ಸಾಲು, ಅರ್ಥ ಗೊತ್ತಿಲ್ಲ. ಮಗುವಿಗೂ ಹಾಗೇ ಕಲಿಸಬಾರದು ಅಲ್ವಾ. ಕಥೆಪುಸ್ತಕ ಕೊಡಿ, ವಾಕ್ಯದಲ್ಲಿ ಪದ ಬರಲಿ, ತಾನಾಗಿ ತಿಳಿಯುತ್ತದೆ.

ರಿಟೈರ್ಡ್ ಮೇಷ್ಟ್ರು, ಬಸವನಗುಡಿ:
ಕತ್ರಿಗುಪ್ಪೆ ಅಮ್ಮ ಕೇಳಿದ್ದಕ್ಕೆ ಮೊದಲು ನೇರ ಉತ್ತರ ಕೊಡುತ್ತೇನೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ ತಾಯಿ. ಆ ನಾಲ್ಕು ಅಕ್ಷರದ ಹಿಂದೆ ಇರುವುದು ಒಂದು ಪದವಲ್ಲ, ಮೂರು.

ಒಂದು, ಲ್ಯಾಟಿನ್‌ನ ‘ಪೋರ್ತಾರೆ’. ಹೊರು, ಒಯ್ಯಿ ಅಂತ ಅರ್ಥ. ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ರಿಪೋರ್ಟ್, ಸಪೋರ್ಟ್ ಎಲ್ಲ ಇದರ ಮಕ್ಕಳು. ಸಪೋರ್ಟ್ ಅಂದರೆ ಕೆಳಗಿನಿಂದ ಹೊರುವುದು, ಕಂಬ ಚಾವಣಿಯನ್ನು ಹೊತ್ತ ಹಾಗೆ. ಎರಡನೆಯದು ‘ಪೋರ್ತುಸ್’, ಅಂದರೆ ಬಂದರು. ಏರ್‌ಪೋರ್ಟ್‌ನಲ್ಲಿ ಇರುವುದು ಈ ಬಂದರು. ಹಡಗಿಗೆ ಬಂದರು ಇದ್ದ ಹಾಗೆ ವಿಮಾನಕ್ಕೂ ಒಂದು. ಆಪರ್ಚುನಿಟಿಯಲ್ಲೂ ಅದೇ ಬಂದರು. ಹಾಯಿಹಡಗಿನ ಕಾಲದಲ್ಲಿ ಗಾಳಿ ಬಂದರಿನ ಕಡೆ ಬೀಸಿದರೆ ಮಾತ್ರ ಒಳಗೆ ಬರಬಹುದಿತ್ತು. ‘ಬಂದರಿನ ಕಡೆಗೆ’ ಬೀಸುವ ಆ ಗಾಳಿಗೆ ಇದ್ದ ಲ್ಯಾಟಿನ್ ಮಾತೇ ಮುಂದೆ ಒಳ್ಳೆಯ ಅವಕಾಶ ಅಂತ ಆಯಿತು. ಈ ಪದವನ್ನು ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಬೇಸರ ಬಂದಿಲ್ಲ.

ಮೂರನೆಯದು ಪೋರ್ಟ್ರೇಟ್. ಅದರಲ್ಲಿ ಪೋರ್ಟ್ ಅನ್ನುವ ತುಂಡೇ ಇಲ್ಲ. ಪದವನ್ನು ಒಡೆಯುವ ಜಾಗ ಬೇರೆ. ಮೊದಲ ಮೂರು ಅಕ್ಷರ ಲ್ಯಾಟಿನ್‌ನ ‘ಪ್ರೋ’ದಿಂದ ಬಂದದ್ದು, ಉಳಿದದ್ದು ‘ತ್ರಾಹೆರೆ’ಯಿಂದ, ಅಂದರೆ ಎಳೆ. ನಾವು ಗೆರೆ ಎಳೆಯುತ್ತೇವಲ್ಲ, ಅದೇ ಎಳೆಯುವುದು. ಹೊಲದಲ್ಲಿ ಎಳೆಯುವ ಟ್ರ್ಯಾಕ್ಟರ್ ಕೂಡ ಇದೇ ಬೇರಿನದು. ಹಾಗಾಗಿ ಪೋರ್ಟ್ರೇಟ್‌ಗೆ ಟ್ರಾನ್ಸ್‌ಪೋರ್ಟ್ ನೆಂಟನಲ್ಲ, ಟ್ರ್ಯಾಕ್ಟರ್ ನೆಂಟ.

ತಪ್ಪು ಮಗುವಿನದಲ್ಲ. ಕೊಟ್ಟ ನಿಯಮವನ್ನು ಅವಳು ನಿಷ್ಠೆಯಿಂದ ಪಾಲಿಸಿದ್ದಾಳೆ. ನಿಯಮ ಹೇಳಿದವರು ‘ಎಲ್ಲ ಕಡೆ ಹೀಗಲ್ಲ’ ಅಂತ ಒಂದು ಮಾತು ಸೇರಿಸಬೇಕಿತ್ತು. ಟಿಕ್ ಹಾಕುವ ಮುಂಚೆ ಓದಬೇಕಿತ್ತು.

ಮಲ್ಲೇಶ್ವರ ಎಂಟನೇ ಕ್ರಾಸ್:
ಇಂಥ ವಿಷಯ ಓದಲು ಖುಷಿ. ನ್ಯೂಸ್ ಅನ್ನುವುದರ ನಾಲ್ಕು ಅಕ್ಷರ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಂತ, ನಾಲ್ಕು ದಿಕ್ಕಿನಿಂದ ಬರುವುದಕ್ಕೆ ನ್ಯೂಸ್. ಮಗಳಿಗೆ ಇದನ್ನೂ ಹೇಳಿಕೊಡಿ.

ರಿಟೈರ್ಡ್ ಮೇಷ್ಟ್ರು, ಬಸವನಗುಡಿ:
ದಯವಿಟ್ಟು ಹೇಳಿಕೊಡಬೇಡಿ. ಇದು ವಾಟ್ಸಾಪ್‌ನಲ್ಲಿ ಓಡಾಡುವ ಕಥೆ. ನ್ಯೂ ಅಂದರೆ ಹೊಸದು, ಅದರ ಬಹುವಚನ ನ್ಯೂಸ್, ಹೊಸ ಸಂಗತಿಗಳು. ಫ್ರೆಂಚ್‌ನಲ್ಲೂ ಸುದ್ದಿಗೆ ‘ಹೊಸವು’ ಅನ್ನುವ ಅರ್ಥದ ಪದವೇ ಇದೆ. ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ಅದನ್ನು ಇನ್ನೊಂದು ಇ ಸೇರಿಸಿ ಐದು ಅಕ್ಷರದಲ್ಲಿ ಬರೆಯುತ್ತಿದ್ದರು. ಐದನೇ ದಿಕ್ಕು ಯಾವುದು ಅಂತ ಹುಡುಕಬೇಕಾಗುತ್ತದೆ. ಮೇಲಿನ ಹೋಂವರ್ಕ್‌ನಲ್ಲಿ ಆದ ತಪ್ಪೂ ಇದೇ ಜಾತಿಯದು. ಅಕ್ಷರ ನೋಡಿ ಕಥೆ ಕಟ್ಟುವುದು.

ಮಲ್ಲೇಶ್ವರ ಎಂಟನೇ ಕ್ರಾಸ್:
ಸರಿ ಸರ್, ತಿಳಿಯಿತು. ನಮ್ಮ ಮನೆಯಲ್ಲೂ ಎಲ್ಲರಿಗೂ ಇದನ್ನೇ ಹೇಳಿದ್ದೆ, ಇವತ್ತೇ ತಿದ್ದುತ್ತೇನೆ.

ಸ್ಟಾಫ್ ನರ್ಸ್, ಜಯನಗರ:
ಕೋಡರ್ ಅವರೇ, ಕಥೆಪುಸ್ತಕ ಓದಿದರೆ ತಾನಾಗಿ ಬರುತ್ತದೆ ಅಂದಿರಿ. ಮನೆಯಲ್ಲಿ ಕಥೆಪುಸ್ತಕ ಇದ್ದವರಿಗೆ ಬರುತ್ತದೆ. ನಾನು ಅರಸೀಕೆರೆ ಹತ್ತಿರದ ಹಳ್ಳಿಯವಳು. ಪಿಯುಸಿ ತನಕ ಕನ್ನಡ ಮೀಡಿಯಂ. ನರ್ಸಿಂಗ್ ಸೇರಿದ ಮೊದಲ ತಿಂಗಳು ಪುಸ್ತಕ ತೆರೆದರೆ ಒಂದು ಸಾಲೂ ಅರ್ಥ ಆಗುತ್ತಿರಲಿಲ್ಲ. ಹಾಸ್ಟೆಲ್ ಟೆರೇಸ್ ಮೇಲೆ ಕೂತು ಅತ್ತಿದ್ದೇನೆ. ಆಗ ಸೀನಿಯರ್ ಅಕ್ಕ ಒಬ್ಬರು ಒಂದು ಹಾಳೆ ಬರೆದುಕೊಟ್ಟರು. ಪದದ ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್, ಆರ್ತ್ರೈಟಿಸ್. ‘ಎಕ್ಟಮಿ’ ಬಂದರೆ ಕತ್ತರಿಸಿ ಹೊರಗೆ ತೆಗೆಯುವುದು. ಅಪೆಂಡೆಕ್ಟಮಿ, ಟಾನ್ಸಿಲೆಕ್ಟಮಿ. ‘ಈಮಿಯಾ’ ಬಂದರೆ ರಕ್ತದ ವಿಷಯ. ಅನೀಮಿಯಾ, ಲ್ಯುಕೀಮಿಯಾ. ಆ ಒಂದು ಹಾಳೆ ನನ್ನನ್ನು ಪಾಸು ಮಾಡಿಸಿತು. ಸುಮ್ನೆ ಹೇಳುತ್ತಿಲ್ಲ, ಇವತ್ತಿಗೂ ಅದು ನನ್ನ ಟ್ರಂಕಿನಲ್ಲಿದೆ.

ಆದರೆ ಅದೇ ಹಾಳೆಯ ಕೆಳಗೆ ಅಕ್ಕ ಕೆಂಪು ಇಂಕಿನಲ್ಲಿ ಇನ್ನೊಂದು ಭಾಗ ಬರೆದಿದ್ದರು. ಅಕ್ಷರ ಒಂದೇ ಥರ ಕಂಡರೂ ಮೋಸ ಹೋಗಬೇಡ ಅಂತ. ಹೈಪರ್ ಅಂದರೆ ಜಾಸ್ತಿ, ಹೈಪೊ ಅಂದರೆ ಕಡಿಮೆ. ಸಕ್ಕರೆ ಜಾಸ್ತಿಯಾದರೆ ಹೈಪರ್‌ಗ್ಲೈಸೀಮಿಯಾ, ಇಳಿದರೆ ಹೈಪೊಗ್ಲೈಸೀಮಿಯಾ, ಎರಡಕ್ಕೂ ಮಾಡುವುದು ಉಲ್ಟಾ. ಇಲಿಯಂ ಅನ್ನುವುದನ್ನು ಮಧ್ಯೆ ಇ ಹಾಕಿ ಬರೆದರೆ ಸಣ್ಣ ಕರುಳಿನ ಕೊನೆಯ ಭಾಗ, ಐ ಹಾಕಿ ಬರೆದರೆ ಸೊಂಟದ ಎಲುಬು. ಎಕ್ಟಮಿ ಅಂದರೆ ತೆಗೆಯುವುದು, ‘ಸ್ಟಮಿ’ ಅಂದರೆ ಬಾಯಿ ಮಾಡುವುದು, ಹೊಟ್ಟೆಯ ಮೇಲೆ ಕರುಳಿಗೆ ದಾರಿ ಮಾಡಿದರೆ ಕೊಲಾಸ್ಟಮಿ. ವಾರ್ಡಿನಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. ಹಾಗಾಗಿ ನನಗೆ ಎರಡೂ ಬೇಕು, ಮೇಲಿನ ಅರ್ಧವೂ ಕೆಂಪು ಇಂಕಿನ ಅರ್ಧವೂ.

ಎಚ್‌ಎಸ್‌ಆರ್ ಕೋಡರ್:
ಅಕ್ಕ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಮನೆಯಲ್ಲಿ ಪುಸ್ತಕ ಇಲ್ಲದ ಮಕ್ಕಳ ವಿಷಯ ನಾನು ಯೋಚಿಸಿರಲಿಲ್ಲ. ಆದರೂ ಒಂದು ವಾದ ಬಿಡುವುದಿಲ್ಲ. ಮೆಡಿಕಲ್ ಪದಗಳು ವಿದ್ವಾಂಸರು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಕಟ್ಟಿದವು, ಅದಕ್ಕೇ ನಿಯಮ ಹಿಡಿಸುತ್ತದೆ. ಮನೆಮಾತಿನ ಪದ ಹಾಗಲ್ಲ. ಅಕಾಡೆಮಿಯಾ ಪದದ ಕೊನೆಯಲ್ಲೂ ಆ ‘ಈಮಿಯಾ’ದ ಅಕ್ಷರಗಳೇ ಇವೆ, ಅಲ್ಲಿ ರಕ್ತ ಎಲ್ಲಿದೆ? ಅಥೆನ್ಸ್ ಹತ್ತಿರ ಪ್ಲೇಟೊ ಪಾಠ ಹೇಳುತ್ತಿದ್ದ ತೋಪಿನ ಹೆಸರಿನಿಂದ ಬಂದ ಪದ ಅದು. ಮ್ಯಾನ್ ಅಂದರೆ ಗಂಡಸು ಅಂತ ಕಲಿತ ಮಗು ಮ್ಯಾನ್ಯುಯಲ್, ಮ್ಯಾನಿಕ್ಯೂರ್, ಮ್ಯಾನುಸ್ಕ್ರಿಪ್ಟ್ ನೋಡಿ ಏನಂದುಕೊಳ್ಳಬೇಕು? ಅವೆಲ್ಲ ಕೈ ಅನ್ನುವ ಲ್ಯಾಟಿನ್ ಪದದಿಂದ ಬಂದವು, ಗಂಡಸಿಗೆ ಸಂಬಂಧವಿಲ್ಲ.

ಟ್ಯಾಂಕರ್ ಹಿಂದೆ ಬೈಕ್:
ಹೊಸೂರು ರೋಡಿನಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ದಿನಾ ನೋಡುತ್ತೇನೆ. ಇನ್ ಅಂದರೆ ಇಲ್ಲ ಅಂತ ನಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಇನ್‌ಕರೆಕ್ಟ್, ಇನ್‌ವಿಸಿಬಲ್ ಹಾಗೆ. ಆ ಲೆಕ್ಕದಲ್ಲಿ ಬೆಂಕಿ ಹತ್ತುವುದಿಲ್ಲ ಅಂತ ಆಗಬೇಕು. ನಿಜವಾದ ಅರ್ಥ ಪೂರ್ತಿ ಉಲ್ಟಾ.

ರಿಟೈರ್ಡ್ ಮೇಷ್ಟ್ರು, ಬಸವನಗುಡಿ:
ಒಳ್ಳೆಯ ಉದಾಹರಣೆ. ಇನ್‌ಫ್ಲೇಮಬಲ್‌ನ ಇನ್ ಅಂದರೆ ಒಳಗೆ, ಉರಿಯ ಒಳಕ್ಕೆ ಹೋಗುವಂಥದ್ದು ಅಂತ. ಇಂಪೋರ್ಟ್‌ನಲ್ಲಿರುವುದೂ ಅದೇ ‘ಒಳಗೆ’. ಇನ್‌ಕರೆಕ್ಟ್‌ನ ಇನ್ ಬೇರೆ, ಅದು ‘ಅಲ್ಲ’. ಈ ಗೊಂದಲದಿಂದ ಅಪಾಯ ಆಗಬಾರದು ಅಂತ ಈಗ ಫ್ಲೇಮಬಲ್ ಅಂತಲೇ ಬರೆಯುವ ರೂಢಿ ಬಂದಿದೆ. ಎರಡಕ್ಕೂ ಅರ್ಥ ಒಂದೇ.

ಕೋಡರ್ ಅವರ ಓ, ಯು, ಜಿ, ಎಚ್ ವಿಷಯಕ್ಕೂ ಬರುತ್ತೇನೆ. ಅದನ್ನು ಅರ್ಥವಿಲ್ಲದ ಸಾಲು ಅನ್ನಬೇಡಿ. ಆ ಜಿ, ಎಚ್ ಒಂದು ಕಾಲದಲ್ಲಿ ನಿಜವಾಗಿ ಉಚ್ಚರಿಸುತ್ತಿದ್ದ ದನಿ, ಗಂಟಲಿನಿಂದ ಉಜ್ಜಿಕೊಂಡು ಬರುವ ‘ಖ್’ ಥರದ್ದು. ಜರ್ಮನ್ ಕಲಿತವರಿಗೆ ಗೊತ್ತು. ನೈಟ್‌ಗೆ ಅವರು ಇವತ್ತೂ ನಾಖ್ಟ್ ಅನ್ನುತ್ತಾರೆ, ಡಾಟರ್‌ಗೆ ಟೋಖ್ಟರ್. ಹಳೆಯ ಇಂಗ್ಲಿಷ್‌ನಲ್ಲಿ ಆ ದನಿಗೆ ಬರೀ ಎಚ್ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ರೂಢಿಯ ಲಿಪಿಕಾರರು ಬಂದರು, ಕಾಲಕ್ರಮದಲ್ಲಿ ಜಿ, ಎಚ್ ಜೋಡಿ ನಿಂತಿತು. ಆಮೇಲೆ ಬಾಯಲ್ಲಿ ಆ ದನಿ ಸತ್ತುಹೋಯಿತು. ಕೆಲವು ಪದದಲ್ಲಿ ಪೂರ್ತಿ ಅಳಿಯಿತು, ಥಾಟ್, ಥ್ರೂ ಹಾಗೆ. ಕೆಲವು ಪದದಲ್ಲಿ ಎಫ್ ಆಯಿತು, ಟಫ್, ಕಾಫ್ ಹಾಗೆ. ಸ್ವರಗಳೂ ಆ ಶತಮಾನಗಳಲ್ಲೇ ಅತ್ತಿತ್ತ ಸರಿದವು. ಇಷ್ಟರ ನಡುವೆ 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಅಚ್ಚಿಗೆ ಬಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಬಾಯಿ ಮಾತ್ರ ಮುಂದೆ ಹೋಗುತ್ತಲೇ ಇತ್ತು.

ಹಳಗನ್ನಡ ಪ್ರೀತಿ:
ಮೇಷ್ಟ್ರೇ, ಇಲ್ಲಿ ನಾನು ಸೇರಿಕೊಳ್ಳುತ್ತೇನೆ, ಕನ್ನಡ ಎಂಎ ಓದುತ್ತಿದ್ದೇನೆ. ನಮ್ಮಲ್ಲೂ ದನಿ ಬದಲಾಗಿದೆ. ಹಳಗನ್ನಡದ ಪಾಲ್ ಈಗ ಹಾಲು, ಪೂ ಈಗ ಹೂ. ವ್ಯತ್ಯಾಸ ಏನೆಂದರೆ, ನಾವು ಬಾಯಿ ಬದಲಾದ ಹಾಗೆ ಬರಹವನ್ನೂ ಬದಲಿಸಿಕೊಂಡೆವು. ಇಂಗ್ಲಿಷ್‌ನವರ ರೀತಿಯಲ್ಲಿ ನಡೆದಿದ್ದರೆ ಇವತ್ತೂ ಪಾಲ್ ಅಂತ ಬರೆದು ಹಾಲು ಅಂತ ಓದುತ್ತಿದ್ದೆವು.

ಕತ್ರಿಗುಪ್ಪೆ ಅಕ್ಕನಿಗೆ ಒಂದು ಉಪಾಯ ಹೇಳಲಾ? ಮಗಳಿಗೆ ಇದನ್ನು ಕನ್ನಡದಲ್ಲೇ ತೋರಿಸಬಹುದು. ಸಂಸ್ಕೃತದ ‘ಹೃ’ ಧಾತುವಿಗೂ ಒಯ್ಯು, ತೆಗೆದುಕೊಂಡು ಹೋಗು ಅಂತಲೇ ಅರ್ಥ, ಲ್ಯಾಟಿನ್ ಪೋರ್ತಾರೆಯ ಹಾಗೆಯೇ. ಅದರಿಂದ ‘ಹಾರ’. ಮುಂದೆ ಒಂದೊಂದು ಉಪಸರ್ಗ ಸೇರಿಸಿ. ಆಹಾರ, ಒಳಗೆ ತೆಗೆದುಕೊಳ್ಳುವುದು. ಪ್ರಹಾರ, ಏಟು. ಸಂಹಾರ, ಕೊಲ್ಲುವುದು. ವಿಹಾರ, ಸುತ್ತಾಡುವುದು. ಪರಿಹಾರ, ತೊಂದರೆ ತೆಗೆದುಹಾಕುವುದು. ಉಪಸರ್ಗ ಬಂದರೆ ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆ ಕಡೆ ಎಳೆದುಕೊಂಡು ಹೋಗುತ್ತದೆ ಅಂತ ಸಂಸ್ಕೃತ ವ್ಯಾಕರಣದಲ್ಲಿ ಒಂದು ಹಳೆಯ ಶ್ಲೋಕವೇ ಇದೆ, ಅದರಲ್ಲಿ ಕೊಡುವುದೂ ಇವೇ ಐದು ಪದ. ಬೆಂಗಳೂರಿನಲ್ಲಿ ಇರುವವರಿಗೆ ಇನ್ನೊಂದು ದಿನಾ ಕಿವಿಗೆ ಬೀಳುತ್ತದೆ, ಅಗ್ರಹಾರ. ಪರಪ್ಪನ ಅಗ್ರಹಾರ, ಕೋನಪ್ಪನ ಅಗ್ರಹಾರ.

ಈಗ ಪೋರ್ಟ್ರೇಟ್‌ನಂಥ ಮೋಸಕ್ಕೆ ಬನ್ನಿ. ಹಕ್ಕಿಯ ‘ಹಾರಾಟ’ದಲ್ಲೂ ಹಾರ ಇದೆ. ಅದು ಈ ಹಾರ ಅಲ್ಲ. ಅದು ನಮ್ಮ ಕನ್ನಡದ ಹಾರು, ಹಳಗನ್ನಡದಲ್ಲಿ ಪಾಱು. ಅಕ್ಷರ ಒಂದೇ, ಮನೆತನ ಬೇರೆ. ಇದನ್ನು ಹೇಳಿದರೆ ಮಗುವಿಗೆ ಪೋರ್ಟ್ರೇಟ್ ಒಂದೇ ನಿಮಿಷದಲ್ಲಿ ಅರ್ಥ ಆಗುತ್ತದೆ.

ರಾಜಾಜಿನಗರ ಟ್ಯೂಷನ್ ಮನೆ:
ಇದು ತುಂಬಾ ಚೆನ್ನಾಗಿದೆ. ಹೋಟೆಲ್ ಬೋರ್ಡಿನಲ್ಲಿ ‘ಉಪಹಾರ’ ಅಂತ ಇರುತ್ತದಲ್ಲ, ಅದನ್ನೂ ಸೇರಿಸಬಹುದು.

ಹಳಗನ್ನಡ ಪ್ರೀತಿ:
ಸೇರಿಸಬಹುದು, ಆದರೆ ಸರಿಯಾಗಿ. ಉಪಹಾರ ಅಂದರೆ ಕಾಣಿಕೆ, ಅರ್ಪಣೆ. ತಿಂಡಿಗೆ ಬೇಕಾದದ್ದು ಉಪಾಹಾರ. ಉಪ ಮತ್ತು ಆಹಾರ ಸೇರಿದಾಗ ದೀರ್ಘ ಬರಲೇಬೇಕು.

ರಾಜಾಜಿನಗರ ಟ್ಯೂಷನ್ ಮನೆ:
ಬಳಕೆಯಲ್ಲಿ ಉಪಹಾರವೇ ತಿಂಡಿ ಆಗಿಹೋಗಿದೆ ಅಲ್ವಾ. ಇಡ್ಲಿ ತಿನ್ನಲು ಹೋದವರು ಯಾರೂ ಕಾಣಿಕೆ ಕೇಳುವುದಿಲ್ಲ. ಜನ ಒಪ್ಪಿಕೊಂಡ ಮೇಲೆ ಅದೂ ಒಂದು ಅರ್ಥವೇ.

ಹಳಗನ್ನಡ ಪ್ರೀತಿ:
ಬಳಕೆಗೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ದೀರ್ಘ ಬಿಟ್ಟರೆ ಒಳಗಿರುವ ಆಹಾರ ಮರೆಯಾಗುತ್ತದೆ. ಬೋರ್ಡ್ ಬರೆಸುವವರು ಒಂದು ಇಳಿ ಜಾಸ್ತಿ ಹಾಕಿಸಿದರೆ ನಷ್ಟವಿಲ್ಲ. ನನಗೆ ಇದು ಮುಖ್ಯ ಅನಿಸುತ್ತದೆ.

ಸ್ಪೆಷಲ್ ಎಜುಕೇಟರ್, ಬನಶಂಕರಿ:
ತಡವಾಗಿ ನೋಡಿದೆ. ನಾನು ಡಿಸ್‌ಲೆಕ್ಸಿಯಾ ಅಂದರೆ ಓದು, ಬರಹ ಕಷ್ಟವಾಗುವ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಈ ಚರ್ಚೆಯಲ್ಲಿ ಎರಡು ಬೇರೆ ಕೆಲಸಗಳು ಕಲಸಿಹೋಗಿವೆ. ಕ್ಯಾಟ್, ಬ್ಯಾಟ್, ರ‍್ಯಾಟ್ ಅಂತ ಎಲ್‌ಕೆಜಿಯಲ್ಲಿ ಕಲಿಸುವುದು ಓದುವುದಕ್ಕೆ, ಅಲ್ಲಿ ಅರ್ಥ ಕೇಳುವ ಹಾಗಿಲ್ಲ. ಬೆಕ್ಕಿಗೂ ಬ್ಯಾಟಿಗೂ ಸಂಬಂಧವಿಲ್ಲ, ದನಿಗೆ ಮಾತ್ರ ಸಂಬಂಧ. ರಪ್ಟ್, ಪೋರ್ಟ್ ಕಲಿಸುವುದು ಅರ್ಥಕ್ಕೆ. ಅಲ್ಲಿ ದನಿ ಬದಲಾಗಬಹುದು. ಕೋಡರ್ ಕೊಟ್ಟ ಇ, ಎ, ಆರ್ ಮೊದಲ ಜಾತಿಯದು. ಅದರಲ್ಲಿ ಅರ್ಥ ಹುಡುಕುವುದೇ ತಪ್ಪು.

ಕಾಗುಣಿತ ದನಿಯನ್ನು ಬಿಟ್ಟುಕೊಟ್ಟು ಅರ್ಥವನ್ನು ಉಳಿಸಿಕೊಂಡ ಕಡೆಯೂ ಇದೆ. ಟೂ ಅಂದರೆ ಎರಡು. ಮಧ್ಯೆ ಡಬ್ಲ್ಯು ಯಾಕೆ ಅಂತ ಪ್ರತಿ ಮಗುವೂ ಕೇಳುತ್ತದೆ, ‘ಅದು ಸೈಲೆಂಟ್, ಸುಮ್ನೆ ಬರಿ’ ಅಂತ ಬಾಯಿ ಮುಚ್ಚಿಸುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಟಿ, ಡಬ್ಲ್ಯು ಇರುವ ಬೇರೆ ಪದ ತನ್ನಿ ಅನ್ನುತ್ತೇನೆ. ಟ್ವಿನ್ ಅವಳಿ, ಟ್ವೈಸ್ ಎರಡು ಸಲ, ಟ್ವೆಂಟಿ ಎರಡು ಹತ್ತು, ಟ್ವೆಲ್ವ್ ಹತ್ತರ ಮೇಲೆ ಎರಡು, ಬಿಟ್ವೀನ್ ಎರಡರ ನಡುವೆ. ಎಲ್ಲದರಲ್ಲೂ ಎರಡು ಕೂತಿದೆ. ಹಾಗೇ ಸೈನ್ ಪದದ ಜಿ ಕೇಳಿಸುವುದಿಲ್ಲ, ಸಿಗ್ನಲ್, ಸಿಗ್ನೇಚರ್ ಅಂದಾಗ ಕೇಳಿಸುತ್ತದೆ. ವರ್ಷಗಟ್ಟಲೆ ‘ದಡ್ಡ’ ಅನ್ನಿಸಿಕೊಂಡ ಹುಡುಗನೊಬ್ಬ ಬಿಟ್ವೀನ್‌ನಲ್ಲಿ ಎರಡು ಇದೆ ಅಂತ ತಾನೇ ಕಂಡುಹಿಡಿದ ದಿನ, ನೋಟ್‌ಬುಕ್ ಹಿಡಿದುಕೊಂಡು ಹೊರಗೆ ಕೂತಿದ್ದ ಅಮ್ಮನ ಹತ್ತಿರ ಓಡಿದ. ಅದಕ್ಕೇ ಈ ಪದ್ಧತಿ ಬಿಡಿ ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತದೆ.

ಸ್ಟಾಫ್ ನರ್ಸ್, ಜಯನಗರ:
ಡಿಸ್‌ಲೆಕ್ಸಿಯಾ ಅಂದಾಗ ನೆನಪಾಯಿತು. ಆ ‘ಡಿಸ್’ ವೈ ಹಾಕಿ ಬರೆಯುವುದು, ಐ ಅಲ್ಲ. ಉಸಿರಾಟದ ಕಷ್ಟಕ್ಕೆ ಡಿಸ್ಪ್ನಿಯಾ ಅನ್ನುತ್ತೇವೆ, ಅದೂ ವೈ. ವೈ ಹಾಕುವ ಡಿಸ್, ಐ ಹಾಕುವ ಡಿಸ್ ಎರಡೂ ಬೇರೆ ಬೇರೆನಾ ಮೇಷ್ಟ್ರೇ?

ರಿಟೈರ್ಡ್ ಮೇಷ್ಟ್ರು, ಬಸವನಗುಡಿ:
ಬೇರೆಯೇ ಅಮ್ಮ. ವೈ ಇರುವುದು ಗ್ರೀಕ್, ಕೆಟ್ಟ ಅಥವಾ ಕಷ್ಟದ ಅಂತ ಅರ್ಥ. ಐ ಇರುವುದು ಲ್ಯಾಟಿನ್, ಬೇರೆಯಾಗಿ, ದೂರ ಅಂತ. ಆ ಗ್ರೀಕ್ ತುಂಡು ನಮ್ಮ ದುಸ್, ದುರ್ ಇದೆಯಲ್ಲ, ದುರ್ಗಂಧ, ದುಸ್ಥಿತಿ, ಅದರ ಸೋದರ. ನಿಮ್ಮ ಅನೀಮಿಯಾದಲ್ಲಿರುವ, ‘ಇಲ್ಲ’ ಅನ್ನುವ ಅರ್ಥದ ಅನ್ ಕೂಡ ಹಾಗೆಯೇ. ಗ್ರೀಕ್‌ನಲ್ಲಿ ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್. ಸಂಸ್ಕೃತದಲ್ಲೂ ಅದೇ ನಿಯಮ. ನ್ಯಾಯಕ್ಕೆ ಅನ್ಯಾಯ, ಅಂತಕ್ಕೆ ಅನಂತ. ಡೆಂಟಲ್‌ನಲ್ಲಿ ದಂತ, ಪೆಡಲ್‌ನಲ್ಲಿ ಪಾದ, ಡಾಟರ್‌ನಲ್ಲಿ ದುಹಿತೃ.

ಎಚ್‌ಎಸ್‌ಆರ್ ಕೋಡರ್:
ಹಾಗಾದರೆ ಪೀಡಿಯಾಟ್ರಿಕ್‌ನಲ್ಲಿ ಪಾದದ ಡಾಕ್ಟರ್ ಅಂತ ಆಗಬೇಕಲ್ಲ ಸರ್? ಅಲ್ಲೂ ಪಿ, ಇ, ಡಿ ಇದೆ.

ರಿಟೈರ್ಡ್ ಮೇಷ್ಟ್ರು, ಬಸವನಗುಡಿ:
ಅದು ಗ್ರೀಕ್‌ನ ಮಗು ಅನ್ನುವ ಪದ. ಬ್ರಿಟಿಷ್ ಕಾಗುಣಿತದಲ್ಲಿ ಪಿ ಆದ ಮೇಲೆ ಎ ಇರುತ್ತದೆ, ನಮ್ಮ ಆಸ್ಪತ್ರೆಗಳ ಬೋರ್ಡಿನಲ್ಲಿ ಎರಡೂ ರೀತಿ ಕಾಣುತ್ತದೆ. ಅಮೆರಿಕದವರು ಆ ಎ ತೆಗೆದರು, ಪಾದವೂ ಮಗುವೂ ಒಂದೇ ಥರ ಕಾಣುವಂತಾಯಿತು. ಎನ್‌ಸೈಕ್ಲೊಪೀಡಿಯಾದಲ್ಲೂ ಅದೇ ಮಗುವಿನ ಬೇರು, ಅಲ್ಲಿ ಅದಕ್ಕೆ ಶಿಕ್ಷಣ ಅಂತ ಅರ್ಥ. ಕೇಳಿದ್ದು ಒಳ್ಳೆಯದಾಯಿತು.

ಹಳಗನ್ನಡ ಪ್ರೀತಿ:
ಒಂದು ಎಚ್ಚರ ಹೇಳಲೇಬೇಕು. ದಂತ, ಪಾದ ನೋಡಿ ಇಂಗ್ಲಿಷ್ ಮತ್ತು ಕನ್ನಡ ನೆಂಟರು ಅಂತ ಯಾರೂ ಅಂದುಕೊಳ್ಳಬೇಡಿ. ಅವು ಸಂಸ್ಕೃತದಿಂದ ನಾವು ಪಡೆದುಕೊಂಡ ಪದಗಳು. ನಮ್ಮದೇ ಪದ ಹಲ್ಲು, ಕಾಲು, ಅಡಿ, ಮಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ಬ್ರಿಟಿಷ್ ಜಡ್ಜ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದಲ್ಲಿ ಹೇಳಿದ. ದಕ್ಷಿಣದ ಭಾಷೆಗಳದು ಬೇರೆಯೇ ಕುಟುಂಬ ಅಂತ 1816ರಲ್ಲಿ ಮದ್ರಾಸಿನಲ್ಲಿ ಎಲ್ಲಿಸ್ ಅನ್ನುವ ಬ್ರಿಟಿಷ್ ಅಧಿಕಾರಿ ತೋರಿಸಿಕೊಟ್ಟ. ಎರಡನೆಯ ಮಾತು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಎಚ್‌ಎಸ್‌ಆರ್ ಕೋಡರ್:
ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು ಇಷ್ಟೇ. ಮೇಷ್ಟ್ರಿಗೆ ಲ್ಯಾಟಿನ್ ಬೇರು ಗೊತ್ತು, ಅದಕ್ಕೆ ಎಲ್ಲಿ ಒಡೆಯಬೇಕು ಅಂತ ಗೊತ್ತು. ಐದನೇ ಕ್ಲಾಸಿನ ಮಗುವಿಗೂ ಗೊತ್ತಿಲ್ಲ, ಆ ಟಿಕ್ ಹಾಕಿದ ಟೀಚರಿಗೂ ಗೊತ್ತಿರಲಿಲ್ಲ. ಮೊದಲು ಪದದ ಅರ್ಥ ವಾಕ್ಯದಿಂದ ತಿಳಿಯಲಿ, ಆಮೇಲೆ ಬೇರು ನೋಡಲಿ. ಪೋರ್ಟ್ರೇಟ್ ಅಂದರೆ ಏನು ಅಂತ ಒಂದು ಸಲ ಚಿತ್ರ ನೋಡಿದ್ದರೆ ಆ ಮಗು ಹಾಗೆ ಬರೆಯುತ್ತಿರಲಿಲ್ಲ.

ಸ್ಪೆಷಲ್ ಎಜುಕೇಟರ್, ಬನಶಂಕರಿ:
ಮೊದಲು ಅರ್ಥ, ಆಮೇಲೆ ಬೇರು. ಈ ಕ್ರಮವನ್ನು ನಾನೂ ಒಪ್ಪುತ್ತೇನೆ. ನಾನು ಮಾಡುವುದೂ ಹಾಗೆಯೇ.

ರಾಜಾಜಿನಗರ ಟ್ಯೂಷನ್ ಮನೆ:
ನಾನು ಪೂರ್ತಿ ಒಪ್ಪುವುದಿಲ್ಲ. ಗೊತ್ತಿಲ್ಲದ ಪದ ಪರೀಕ್ಷೆಯಲ್ಲಿ ಬಂದಾಗ ಬೇರು ಹಿಡಿದೇ ಊಹಿಸಬೇಕು, ಬೇರೆ ದಾರಿ ಇಲ್ಲ. ಊಹೆ ಮಾ‌ಡಿದ ಮೇಲೆ ಡಿಕ್ಷನರಿ ನೋಡು ಅಂತ ಹೇಳಿಕೊಡಬೇಕು, ಅದನ್ನು ನಾಳೆಯಿಂದ ಟ್ಯೂಷನ್‌ನಲ್ಲಿ ಸೇರಿಸುತ್ತೇನೆ.

ಕತ್ರಿಗುಪ್ಪೆ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಹಾರ, ವಿಹಾರ, ಸಂಹಾರ ಹೇಳಿದೆ. ಹಕ್ಕಿಯ ಹಾರಾಟ ಹೇಳಿದ ತಕ್ಷಣ ಅವಳೇ ‘ಹಂಗಾದ್ರೆ ಪೋರ್ಟ್ರೇಟ್ ಹಕ್ಕಿ ಥರಾನಾ ಅಮ್ಮ’ ಅಂದಳು. ಮೂರು ಅರ್ಥವನ್ನೂ ಹೊಡೆದುಹಾಕಿ ಹೊಸದಾಗಿ ಬರೆದಿದ್ದಾಳೆ. ಟೀಚರಿಗೆ ನಾನೇ ಹೋಗಿ ನಿಧಾನವಾಗಿ ಹೇಳುತ್ತೇನೆ, ಜಗಳ ಮಾಡುವುದಿಲ್ಲ.

ಮೇಷ್ಟ್ರೇ, ಅವಳದು ಒಂದು ಪ್ರಶ್ನೆ ಉಳಿದಿದೆ. ಹತ್ತನೆಯ ಪದವಾಗಿ ಸ್ಪೋರ್ಟ್ ಬರೆದಿದ್ದಳು. ಅದರಲ್ಲಿ ಎಸ್ ತೆಗೆದರೆ ಪೋರ್ಟ್. ಇದು ಹೊರುವುದಾ, ಬಂದರಾ, ಇಲ್ಲ ಹಕ್ಕಿ ಥರದ ಮೋಸವಾ?

ರಿಟೈರ್ಡ್ ಮೇಷ್ಟ್ರು, ಬಸವನಗುಡಿ:
ನಿಮ್ಮ ಮಗಳಿಗೆ ನನ್ನ ಆಶೀರ್ವಾದ ಹೇಳಿ. ಮೋಸ ಅನ್ನುತ್ತೇನೆ ಅಂತ ಅಂದುಕೊಂಡಿರುತ್ತಾಳೆ, ಆದರೆ ಇದು ಹೊರುವುದೇ. ಸ್ಪೋರ್ಟ್ ಅನ್ನುವುದು ಡಿಸ್‌ಪೋರ್ಟ್ ಅನ್ನುವ ಪದದ ತಲೆ ಕತ್ತರಿಸಿದ ರೂಪ, ಹಳೆಯ ಫ್ರೆಂಚ್‌ನಿಂದ ಬಂದದ್ದು. ಡಿಸ್ ಅಂದರೆ ದೂರ, ಪೋರ್ಟ್ ಅಂದರೆ ಒಯ್ಯು. ಮನಸ್ಸನ್ನು ಕೆಲಸದಿಂದ ದೂರ ಒಯ್ಯುವುದು, ಅಂದರೆ ಮೋಜು, ಆಟ. ನಮ್ಮ ಹಳಗನ್ನಡದ ಹುಡುಗಿ ಕೊಟ್ಟ ಐದು ಪದದಲ್ಲಿ ವಿಹಾರ ಇತ್ತಲ್ಲ, ಅದನ್ನು ಬಿಡಿಸಿ ನೋಡಲು ಹೇಳಿ. ವಿ ಅಂದರೆ ಬೇರೆಯಾಗಿ, ಹಾರ ಅಂದರೆ ಒಯ್ಯುವುದು.

ಕತ್ರಿಗುಪ್ಪೆ ಅಮ್ಮ:
ಹೇಳಿದೆ ಸರ್. ಸ್ಪೋರ್ಟ್ ಪಕ್ಕದಲ್ಲಿ ‘ವಿಹಾರ’ ಅಂತ ಕನ್ನಡದಲ್ಲೇ ಬರೆದು, ಸುತ್ತ ಒಂದು ಗೆರೆ ಎಳೆದಿದ್ದಾಳೆ.